ಒಂಬತ್ತು ಅಂತಲೇ ಬರಿ

ಒಂಬತ್ತು! ಒಂಬತ್ತು ಎಮ್ಮೆ ಅಂತ ಬರಿ ನಿಬ್ರಾಸ್, ಎಷ್ಟು ಸಲ ಹೇಳಲಿ? ಹೋದ ವರ್ಷ ಬಸ್ರಾದಿಂದ ಬಂದು, ಇದೇ ಚಾಪೆ ಮೇಲೆ ಕೂತು, ನೀನೇ ತಾನೇ ಒಂಬತ್ತು ಅಂತ ಬರ್ಕೊಂಡದ್ದು? ಹವಾಮಾನ ಕೆಟ್ಟು ಜೌಗಿನ ಜನರ ಬದುಕು ಏನಾಯ್ತು ಅಂತ ಸಂಶೋಧನೆಯಂತೆ! ಏನಾಗತ್ತೆ? ನಾನು, ಈ ಸಬ್ರಿಯಾ, ಗುಂಡುಕಲ್ಲಿನ ಹಾಗೆ ಇದ್ದೀನಿ, ನೋಡು.

ಯಾಕೆ ನಗ್ತೀಯಾ? ... ಕೊಟ್ಟಿಗೆ ಖಾಲಿ ಇದೆ ಅಂತಲಾ? ಅಯ್ಯೋ ಪೆದ್ದಿ, ಹಗಲು ಹೊತ್ತು ಎಮ್ಮೆ ಮನೇಲಿರತ್ತಾ? ಜೊಂಡಿನೊಳಗೆ ಮೇಯ್ತಿದಾವೆ. ಸಂಜೆ ತಾವೇ ಬರ್ತಾವೆ. ಬೇಕಾದ್ರೆ ಕಾದು ಕೂತು ಎಣಿಸ್ಕೋ!

ತಗೋ, ರೊಟ್ಟಿಗೆ ಕೆನೆ ಹಚ್ಕೋ. ನಮ್ಮ ಎಮ್ಮೆ ವರ್ದಾದು... ಏನು, ಮೂಸಿ ನೋಡ್ತೀಯಲ್ಲ? ... ಹೂಂ, ಅಂಗಡಿ ಡಬ್ಬಿದು. ವರ್ದಾ ಗಬ್ಬ ಕಣೇ, ಹಾಲು ಬತ್ತಿದೆ. ಬಂದವರನ್ನ ಕೆನೆ ಇಲ್ಲದೆ ಕಳಿಸೋಕಾಗತ್ತಾ?

ಸೊನ್ನೆ ಅಂತ ಮಾತ್ರ ಬರೀಬೇಡ ತಾಯಿ. ಎಮ್ಮೆ ಇಲ್ಲದವರನ್ನ ಪಟ್ಟಣಕ್ಕೆ ಸಾಗಿಸ್ತಾರಂತೆ. ಪಕ್ಕದ ಹಸ್ನಾ ಹೋದಳಲ್ಲ, ಈಗ ಯಾರದೋ ಮನೆ ಮೆಟ್ಟಿಲು ಒರೆಸ್ತಾಳೆ. ಕೆನೆ ಮಾರಿದ ಕೈ! ಥೂ... ನಾನು ಇಲ್ಲೇ ಸಾಯ್ತೀನಿ.

ಇನ್ನೂ ಕೂತಿದ್ದೀಯಾ? ಹೊತ್ತು ಇಳೀತು, ಹೊರಡು. ನಿನ್ನ ಗಾಡಿಯವನು ಕಾಯ್ತಿದಾನೆ. ದೋಣಿ ಓಡ್ತಿದ್ದ ಕಡೆ ಈಗ ಗಾಡಿ ಓಡತ್ತೆ, ಆಹಾ, ಎಷ್ಟು ಅನುಕೂಲ! ... ಎಣಿಸಿಯೇ ಹೋಗ್ತೀಯಾ? ಬಾಯ್ಮಾತಿಗೆ ಅಂದೆ ಮಾರಾಯ್ತಿ!

ಎಮ್ಮೆಗಳನ್ನ ಕರಿ ಅಂತೀಯಾ? ಹೋದ ವರ್ಷದ ಹಾಗೆ? ನೆನಪಿದೆ, ನೆನಪಿದೆ... ನನ್ನ ದನಿ ಕೇಳಿದ್ದೇ ಒಂಬತ್ತೂ ಓಡಿ ಬಂದದ್ದು ನೋಡಿ ಚಪ್ಪಾಳೆ ಹೊಡೆದಿದ್ದೆ ನೀನು. ಇವತ್ತು ಆಗಲ್ಲ. ಗಂಟಲು ಕಟ್ಟಿದೆ.

ಪುಸ್ತಕ ಯಾಕೆ ಮುಚ್ಚಿದೆ? ... ಬೈದಾದ್ರೂ ಬೈಯೇ. ಹಾಗೆ ಜೊಂಡಿನ ಕಡೆ ನೋಡ್ಬೇಡ... ಸೂರ್ಯ ಮುಳುಗಿದ. ನೋಡಿದೆ, ನಂಗೂ ಕಣ್ಣಿದೆ.

...ಬಿಸಿಲಿಗೆ ನೀರು ಇಂಗಿ ಬರೀ ಉಪ್ಪುನೀರು ಉಳೀತು. ಅವು ಮೂತಿ ತಿರುಗಿಸಿದ್ವು ಮಗಳೇ. ಎರಡು ದಿನ ಬಾಯಿ ಹಾಕಲಿಲ್ಲ. ಬಾಯಾರಿ ಸಾಯ್ತಾವಲ್ಲ ಅಂತ ನಾನೇ... ನಾನೇ ನೀರಲ್ಲಿ ನಿಂತು, ಒಂದೊಂದನ್ನೇ ಹೆಸರು ಹಿಡಿದು ಕರೆದೆ. ವರ್ದಾ, ಬಾರೇ... ಶಹ್ಲಾ, ಬಾರೇ... ನನ್ನ ನಂಬಿ ಬಂದು ಕುಡಿದ್ವು. ಆ ಉಪ್ಪಿಗೆ ಮೊದಲು ಅವುಗಳ ಕಣ್ಣು ಹೋಯ್ತು. ಕುರುಡಾದ ಮೇಲೂ ನನ್ನ ದನಿ ಹಿಡಿದೇ ಮನೆಗೆ ಬರ್ತಿದ್ವು. ಆಮೇಲೆ ಒಂದೊಂದೇ...

ಬರ್ಕೋ. ಸೊನ್ನೆ ಅಂತಲೇ ಬರ್ಕೋ, ಪಟ್ಟಣಕ್ಕೇ ಕಳಿಸು. ಕರಿ ಅಂತ ಮಾತ್ರ ಹೇಳ್ಬೇಡ ನಂಗೆ.