ಫಸ್ಟ್ ಡ್ರಾಪಿಗೆ ಇಪ್ಪತ್ತು

ಈ ಬೆಳ್ಳಿಹಬ್ಬದ ಸಭೆಯ ಅಧ್ಯಕ್ಷತೆ ವಹಿಸಿರುವ, ನನ್ನ ತಂಗಿಯ ಮಗನೂ ಆಗಿರುವ ಜಗನ್ ಅವರೇ, ಮುಖ್ಯ ಅತಿಥಿಯಾಗಿ ಬಂದು ಅರ್ಧ ಗಂಟೆಯಿಂದ ಗಡಿಯಾರ ನೋಡಿಕೊಳ್ಳುತ್ತಿರುವ ಡಾಕ್ಟರ್ ಪದ್ಮಶ್ರೀ ಅವರೇ, ಕಾರ್ಯದರ್ಶಿ ಹುಲಿಗೆಪ್ಪನವರೇ, ಹೊರಮಾವು ಗೆಳೆಯರ ರಿಕ್ರಿಯೇಷನ್ ಕ್ಲಬ್ಬಿನ ಸದಸ್ಯ ಬಂಧುಗಳೇ, ಅಡುಗೆಮನೆಯ ಕಡೆಗೇ ಕುರ್ಚಿ ತಿರುಗಿಸಿಕೊಂಡಿರುವ ಸಭಿಕರೇ,

ಮೊದಲಿಗೆ ಒಂದು ಸ್ಪಷ್ಟನೆ. ನಾನು ವೇದಿಕೆ ಹತ್ತಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೂವತ್ತೈದು ವರ್ಷ ಈ ಮುಖದ ಮೇಲಿದ್ದ ಮೀಸೆ ಈಗ ಇಲ್ಲ, ನಿಜ. ಚರ್ಮದ ಡಾಕ್ಟರು ತೆಗೆಸಿ ಎಂದರು, ತೆಗೆಸಿದೆ. ಬೇರೆ ಯಾವ ಕಾರಣವೂ ಇಲ್ಲ. ಡಾಕ್ಟರ್ ಪದ್ಮಶ್ರೀ ಅವರು ಯಾಕೆ ತಲೆ ಅಲ್ಲಾಡಿಸುತ್ತಿದ್ದಾರೋ ತಿಳಿಯದು. ನಾನು ಹೋಗಿದ್ದು ಬೇರೆ ಡಾಕ್ಟರ ಹತ್ತಿರ.

ಬಂಧುಗಳೇ, ಸ್ಥಾಪಕ ಅಧ್ಯಕ್ಷನಾದ ಈ ಮುನಿನಾರಾಯಣಪ್ಪನಿಗೆ ಇಂದು ಕೊಟ್ಟಿರುವ ವಿಷಯ ‘ಇಪ್ಪತ್ತೈದು ವರ್ಷದ ಹಾದಿ’. ಹನ್ನೆರಡು ಹಾಳೆ ಬರೆದುಕೊಂಡು ಬಂದಿದ್ದೇನೆ. ಗಾಬರಿಯಾಗಬೇಡಿ, ಅಕ್ಷರ ದೊಡ್ಡದು. ಆದರೆ ಹಾದಿಯ ವಿಷಯಕ್ಕೆ ಬರುವ ಮೊದಲು ಒಂದು ಅರ್ಜಿಯ ವಿಲೇವಾರಿ ಆಗಬೇಕಾಗಿದೆ. ಅದರ ತೀರ್ಮಾನವನ್ನು ವಾರ್ಷಿಕ ಸಭೆಯಲ್ಲೇ ಪ್ರಕಟಿಸಬೇಕೆಂದು ಸಮಿತಿ ನನಗೆ ಒಪ್ಪಿಸಿದೆ.

ನಮ್ಮ ಕಟ್ಟಡದ ತಾರಸಿಯ ಮೇಲೆ ಮೊಬೈಲ್ ಟವರ್ ಇದೆ. ಅದರ ಬಾಡಿಗೆಯಿಂದ ನಾವು ಪ್ರತಿಭಾ ಪ್ರೋತ್ಸಾಹ ನಿಧಿ ಎಂದು ಮಾಡಿದ್ದೇವೆ. ಯಾರಿಗಾಗಿ ಮಾಡಿದೆವು? ಕೇರಂ ಆಡುವವರಿಗಾಗಿ ಮಾಡಿದೆವು. ಸೈಕಲ್ ರೇಸಿನವರಿಗಾಗಿ ಮಾಡಿದೆವು. ಇಡೀ ವರ್ಷದಲ್ಲಿ ಬಂದಿದ್ದು ಒಂದೇ ಅರ್ಜಿ. ಅದರಲ್ಲಿ ಏನಿದೆ ಗೊತ್ತೇ? ‘ನಾನು ಪೋಕರ್ ಟೂರ್ನಮೆಂಟುಗಳಲ್ಲಿ ವೃತ್ತಿಪರಳಾಗಿ ಆಡಬೇಕೆಂದಿದ್ದೇನೆ. ಒಂದು ವರ್ಷದ ಕೋಚಿಂಗ್ ಶುಲ್ಕ ಮತ್ತು ಹತ್ತು ಟೂರ್ನಮೆಂಟುಗಳ ಪ್ರವೇಶ ಧನವನ್ನು ಕ್ಲಬ್ಬು ಭರಿಸಬೇಕು. ಗೆದ್ದದ್ದರಲ್ಲಿ ಅರ್ಧ ಕ್ಲಬ್ಬಿಗೆ.’

ಇಸ್ಪೀಟಿಗೆ ಕೋಚಿಂಗ್! ನಮ್ಮ ಕಾಲದಲ್ಲಿ ಇಸ್ಪೀಟು ಆಡಿದರೆ ಬೆತ್ತ ಹಿಡಿಯುವ ಮೇಷ್ಟ್ರಿದ್ದರು. ಈಗ ಆಡುವುದಕ್ಕೇ ಮೇಷ್ಟ್ರು! ಇಂದಿರಾನಗರದಲ್ಲಿ ಮಾರಿಯಾ ಎಂಬ ಮೇಡಂ ಇದ್ದಾರಂತೆ, ಚೀನಾದ ಮಕಾವಿನವರೆಗೆ ಹೋಗಿ ಆಡಿ ಬಂದಿದ್ದಾರಂತೆ, ಗಂಟೆಗೆ ಇಷ್ಟು ಎಂದು ಪಾಠ ಹೇಳುತ್ತಾರಂತೆ. ಹೋಂವರ್ಕ್ ಕೂಡ ಇದೆಯಂತೆ. ನಾಳೆ ಸಿಗರೇಟು ಸೇದುವುದಕ್ಕೂ ಟ್ಯೂಷನ್ ಬರಬಹುದು.

ಅರ್ಜಿ ಹಾಕಿದವಳ ಹೆಸರು ಧನಲಕ್ಷ್ಮಿ. ಹೆಸರಿನಲ್ಲೇ ಧನ ಇರುವಾಗ ನಮ್ಮಲ್ಲಿ ಕೇಳುವುದೇಕೆ ಎಂದು ಸಮಿತಿಯಲ್ಲಿ ನಾನು ತಮಾಷೆ ಮಾಡಿದೆ. ಹುಲಿಗೆಪ್ಪನವರು ಮಾತ್ರ ನಕ್ಕರು. ಅಗೋ, ಮೂರನೇ ಸಾಲಿನಲ್ಲಿ, ಫ್ಯಾನಿನ ಕೆಳಗೆ, ನೀಲಿ ಚೂಡಿದಾರ್ ಹಾಕಿಕೊಂಡು ಕೂತಿದ್ದಾಳಲ್ಲ, ಆಕೆಯೇ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಖಾದರ್ ಸಾಹೇಬರ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಪೋಕರ್ ಕಲಿತದ್ದು ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ. ನಮ್ಮ ದಿವಂಗತ ಸದಸ್ಯ ಕೆಂಪರಾಜನ ಮಗಳು.

ಕೆಂಪರಾಜನನ್ನು ಹೊಸಬರು ಕಂಡಿಲ್ಲ. ಹಲಸೂರಿನವನು, ಕೆ.ಆರ್. ಪುರಂ ಕಡೆ ಕಾರ್ಖಾನೆಯಲ್ಲಿ ಫಿಟ್ಟರ್. ಪ್ರತಿ ಭಾನುವಾರ ಬರುತ್ತಿದ್ದ. ನಮ್ಮದು ಹದಿಮೂರು ಎಲೆಯ ರಮ್ಮಿ. ಎಲೆ ನೋಡಿ ‘ಬೇಡ’ ಎಂದು ಮೊದಲೇ ಬೋರಲು ಹಾಕಿದರೆ ಫಸ್ಟ್ ಡ್ರಾಪ್, ಇಪ್ಪತ್ತು ಪಾಯಿಂಟು. ಆಟದ ನಡುವೆ ಬಿಟ್ಟರೆ ಮಿಡ್ಲ್ ಡ್ರಾಪ್, ನಲವತ್ತು. ಕೊನೆಯವರೆಗೂ ಕೂತು ಸೋತರೆ ಎಂಬತ್ತರವರೆಗೂ ಬೀಳುತ್ತದೆ. ಕೆಂಪರಾಜ ಹತ್ತು ಆಟದಲ್ಲಿ ಏಳು ಆಟ ಡ್ರಾಪ್! ಎಲೆ ಎತ್ತುವುದು, ನೋಡುವುದು, ಬೋರಲು ಹಾಕುವುದು, ಕಡಲೆಕಾಯಿ ಸುಲಿಯುವುದು. ನಾವೆಲ್ಲ ಅವನನ್ನು ‘ಡ್ರಾಪ್ ಕೆಂಪರಾಜ’ ಎಂದೇ ಕರೆಯುತ್ತಿದ್ದೆವು. ‘ಲೋ, ಹೆಂಡ್ತಿಗೆ ಹೆದರಿಕೊಂಡು ಆಡ್ತೀಯೇನೋ?’ ಎಂದು ನಾನೇ ಎಷ್ಟು ಸಲ ಹಂಗಿಸಿದ್ದೇನೆ. ‘ಎಲೆ ಚೆನ್ನಾಗಿಲ್ಲ ಗುರು, ಸುಮ್ನೆ ಯಾಕೆ ಕೂರ್ಬೇಕು?’ ಎನ್ನುತ್ತಿದ್ದ. ಅಷ್ಟೇ. ನಾಲ್ಕೂವರೆಗೆ ಎದ್ದು ಬಸ್ಸಿಗೆ ಹೋಗಿಬಿಡುತ್ತಿದ್ದ.

ನಾನು? ಇಪ್ಪತ್ತೈದು ವರ್ಷದಲ್ಲಿ ಈ ಮುನಿನಾರಾಯಣಪ್ಪ ಒಂದೇ ಒಂದು ಆಟ ಡ್ರಾಪ್ ಮಾಡಿಲ್ಲ. ಈ ಸಭಾಂಗಣದಲ್ಲಿ ಯಾರಾದರೂ ಕಂಡಿದ್ದರೆ ಎದ್ದು ಹೇಳಿ! ನೋಡಿದಿರಾ, ಒಬ್ಬರೂ ಏಳಲಿಲ್ಲ. ಗಂಡಸಾದವನು ಕೈಗೆ ಬಂದ ಎಲೆಯನ್ನು ಆಡಬೇಕು. ನಮ್ಮಪ್ಪ ಕಲ್ಲು ಕಿತ್ತು ಹದ ಮಾಡಿದ ಹೊಲ ಈ ಕ್ಲಬ್ಬಿನ ಹಿಂದೆಯೇ ಇತ್ತು. ಬಿಟ್ಟುಕೊಡುವ ಜಾತಿಯಲ್ಲ ನಮ್ಮದು.

ಗೆಳೆತನದಲ್ಲೂ ನಾನು ಹಿಂದೆ ಬಿದ್ದವನಲ್ಲ. ಕೆಂಪರಾಜ ಬಾಡಿಗೆ ಮನೆಯಲ್ಲಿದ್ದ. ತೊಂಬತ್ತಾರರಲ್ಲಿ ಆ ಹೊಲದಲ್ಲೇ ಮೂಲೆಯ ಸೈಟು, ಮೂವತ್ತು ನಲವತ್ತರದ್ದು, ಅವನಿಗೆ ಕೊಟ್ಟೆ. ಕೊಟ್ಟೆ ಎಂದರೆ... ಮಾರಿದೆ. ಆ ವಾರ ನನಗೆ ತುರ್ತಾಗಿ ಹಣ ಬೇಕಾಗಿತ್ತು. ಯಾಕೆ ಬೇಕಾಗಿತ್ತು ಎನ್ನುವುದು ಈ ಸಭೆಗೆ ಅಪ್ರಸ್ತುತ. ಅವನು ಭಾನುವಾರದ ಉಳಿತಾಯವನ್ನೆಲ್ಲ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದನಂತೆ, ಪಿ.ಎಫ್. ಸಾಲದ ಜೊತೆ ಅದನ್ನೂ ತಂದ. ಆಮೇಲೆ ಪಕ್ಕದ ಸೈಟು, ಅದರ ಪಕ್ಕದ್ದು, ರಸ್ತೆ ಕಡೆಯ ಎರಡು... ಅವನ್ನೆಲ್ಲ ಬೇರೆಯವರಿಗೆ ಕೊಟ್ಟೆ. ಈಗ ಆ ಹೊಲದಲ್ಲಿ ನನ್ನದೆಂದು ಉಳಿದಿರುವುದು ನೀರಿನ ಟ್ಯಾಂಕು. ಈ ಮಾತು ಯಾಕೆ ಬಂತು? ಹಾಳೆಯಲ್ಲಿ ಇಲ್ಲ ಇದು. ಇರಲಿ.

ಅರ್ಜಿ ಬಂದಾಗ ನಾನು ತಿರಸ್ಕರಿಸೋಣ ಎಂದೆ. ಅಷ್ಟರಲ್ಲಿ ಖಾದರ್ ಸಾಹೇಬರು ನಮ್ಮ ಮನೆಗೇ ಬಂದರು. ಬಟ್ಟೆ ಅಳೆಯುವ ಮನುಷ್ಯ, ನನಗೆ ಇಸ್ಪೀಟು ಅಳೆದು ತೋರಿಸಲು ಬಂದರು! ‘ಮುನಿನಾರಾಯಣಪ್ಪನೋರೆ, ಲಡ್ಕಿ ಬಹಳ ಹುಷಾರು. ಪೈಸಾ ನಾನೇ ಹಾಕ್ತೀನಿ ಅಂದೆ. ಲೇಕಿನ್ ಅವಳಿಗೆ ಅಪ್ಪನ ಕ್ಲಬ್ ಹೆಸರೇ ಬೇಕಂತೆ. ಟೇಬಲ್ ಮುಂದೆ ಹೆಸರು ಬರೀತಾರಲ್ಲ, ಅದ್ರ ಕೆಳಗೆ ಹೊರಮಾವು ಅಂತ ಇರ್ಬೇಕಂತೆ’ ಎಂದರು. ಅಷ್ಟು ದೊಡ್ಡ ಆಟಗಾರ್ತಿಯಾದರೆ ಬಂದು ಸಮಿತಿಯ ಮುಂದೆ ಆಡಲಿ ಎಂದು ನಾನು ಹೇಳಿ ಕಳಿಸಿದೆ.

ಹೋದ ತಿಂಗಳ ಎರಡನೇ ಭಾನುವಾರ ಬಂದಳು. ಸಮಿತಿಯ ಐದು ಜನ, ಆರನೆಯವಳು ಆಕೆ. ದುಡ್ಡಿನ ಆಟ ಬೇಡವೆಂದು ತಲೆಗೆ ನೂರರಂತೆ ಹುಣಸೆ ಬೀಜ ಹಂಚಿದೆವು. ಪೋಕರ್ ಎಂದರೆ ಇಷ್ಟೇ: ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಎರಡು ಎಲೆಯಲ್ಲಿ ಏನು ಬುದ್ಧಿ ಇದ್ದೀತು? ಹದಿಮೂರು ಎಲೆ ಜೋಡಿಸಿದವರಿಗೆ ಇದು ಮಕ್ಕಳಾಟ.

ಆ ಹುಡುಗಿ ಮಾಡಿದ್ದೇನು? ಎಲೆ ನೋಡಿದಳು, ಬಿಸಾಡಿದಳು. ಮತ್ತೆ ನೋಡಿದಳು, ಮತ್ತೆ ಬಿಸಾಡಿದಳು. ಒಂದು ಗಂಟೆ ಬರೀ ಬಿಸಾಡಿದಳು! ಅಪ್ಪನ ಹಾಗೇ ಕಡಲೆಕಾಯಿ ಸುಲಿಯುವುದೊಂದು ಬಾಕಿ. ‘ಏನಮ್ಮಾ, ಆಡೋಕೆ ಬಂದ್ಯೋ, ಎಲೆ ಆಯೋಕೆ ಬಂದ್ಯೋ?’ ಎಂದೆ. ‘ಆಡ್ತಾನೇ ಇದೀನಿ ದೊಡ್ಡಪ್ಪ’ ಎಂದಳು. ಹುಲಿಗೆಪ್ಪನವರು ನಕ್ಕು ನಕ್ಕು ಟೀ ಚೆಲ್ಲಿಕೊಂಡರು. ಅದೇ ಹುಲಿಗೆಪ್ಪನವರ ಬೀಜ ಮೊದಲು ಮುಗಿಯಿತು. ಆಮೇಲೆ ಉಳಿದ ಮೂವರದು. ಕೊನೆಗೆ ನಾನು, ಅವಳು.

ನಾನು ಇದ್ದ ಬೀಜವನ್ನೆಲ್ಲ ಮುಂದೆ ತಳ್ಳಿದೆ. ಕೈಯಲ್ಲಿ ಏಳು ಮತ್ತು ಎರಡು. ಅಂದರೆ ಏನೂ ಇಲ್ಲ. ಹೆದರಿಸಿದರೆ ಅಪ್ಪನ ಮಗಳು ಬಿಡುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಅವಳು ನನ್ನ ಎಲೆ ನೋಡಲಿಲ್ಲ, ಬೀಜ ನೋಡಲಿಲ್ಲ. ನನ್ನ ಮುಖ ನೋಡಿದಳು. ತನ್ನದನ್ನೆಲ್ಲ ತಳ್ಳಿ ‘ತೋರ್ಸಿ ದೊಡ್ಡಪ್ಪ’ ಎಂದಳು. ಅವಳಲ್ಲಿದ್ದದ್ದು ಬರೀ ಒಂದು ಜೊತೆ ಒಂಬತ್ತು. ನನ್ನನ್ನು ಸೋಲಿಸಲು ಅಷ್ಟೇ ಸಾಕಾಯಿತು.

‘ಇಷ್ಟಕ್ಕೇ ಅಷ್ಟೂ ಬೀಜ ಹಾಕ್ಬಿಟ್ಯಲ್ಲ, ನನ್ನ ಕೈಲಿ ಒಂದು ಜೊತೆ ರಾಜ ಇದ್ದಿದ್ರೆ?’ ಎಂದೆ.

‘ಅಪ್ಪ ಹೇಳ್ತಿದ್ರು ದೊಡ್ಡಪ್ಪ. ಮುನಿನಾರಾಯಣಣ್ಣ ಕೈಲಿ ಏನೂ ಇಲ್ದಾಗ ಮೀಸೆ ಮುಟ್ಕೋತಾರೆ ಅಂತ.’

ಸಭಿಕರೇ, ನಗುವುದನ್ನು ದಯವಿಟ್ಟು ನಿಲ್ಲಿಸಬೇಕು. ಡಾಕ್ಟರು ಸಲಹೆ ಕೊಟ್ಟದ್ದು ಅದಕ್ಕಿಂತ ಮುಂಚೆ.

ಅಂದರೆ ಕೆಂಪರಾಜನಿಗೆ ಗೊತ್ತಿತ್ತು. ಹನ್ನೊಂದು ವರ್ಷ ನನ್ನ ಎದುರಿಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದವನಿಗೆ ಎಲ್ಲ ಗೊತ್ತಿತ್ತು! ಒಂದು ದಿನ ಹೇಳಬಾರದಿತ್ತೇ? ಹೇಳಿದ್ದ ಎಂದು ಈಗ ನೆನಪಾಗುತ್ತಿದೆ. ‘ಸಾಕು ಏಳು ಗುರು, ಬಸ್ ಸ್ಟಾಪಿನವರೆಗೆ ಬಾ’ ಎಂದು ಎಷ್ಟೋ ಸಲ ತೋಳು ಹಿಡಿದು ಎಳೆದಿದ್ದ. ನಾನು ಕೊಡವಿಕೊಂಡೆ.

ಇರಲಿ. ಈಗ ತೀರ್ಮಾನ. ನನ್ನನ್ನು ಸಣ್ಣ ಮನುಷ್ಯ ಎಂದು ಯಾರೂ ತಿಳಿಯಬಾರದು. ಎಷ್ಟೇ ಹಾಸ್ಯಾಸ್ಪದ ಅರ್ಜಿಯಾದರೂ, ಗೆಳೆಯನ ಮಗಳೆಂಬ ಒಂದೇ ಕಾರಣಕ್ಕೆ ನಾನೇ ಮುಂದೆ ನಿಂತು ಸಮಿತಿಯಲ್ಲಿ ಮಂಜೂರು ಮಾಡಿಸಿದ್ದೇನೆ. ಹೌದು, ಚಪ್ಪಾಳೆ ತಟ್ಟಬಹುದು. ಛಾಪಾ ಕಾಗದದ ಮೇಲೆ ಕರಾರುಪತ್ರವೂ ಸಿದ್ಧವಾಗಿದೆ, ನಾನು ಮಾತು ಶುರು ಮಾಡುವಾಗ ಹುಲಿಗೆಪ್ಪನವರು ಅದನ್ನು ಆಕೆಯ ಕೈಗೆ ಕೊಟ್ಟರು. ಅದರಲ್ಲಿ ಏಳನೆಯ ಕರಾರು ನಾನೇ ಬರೆಸಿದ್ದು, ಓದುತ್ತೇನೆ: ‘ಕ್ಲಬ್ಬಿನ ಹಣದಲ್ಲಿ ಆಡುವಾಗ ಒಂದರ ಹಿಂದೆ ಒಂದರಂತೆ ಮೂರಕ್ಕಿಂತ ಹೆಚ್ಚು ಸಲ ಎಲೆ ಬಿಸಾಡತಕ್ಕದ್ದಲ್ಲ.’ ನ್ಯಾಯವಲ್ಲವೇ? ನಾವು ದುಡ್ಡು ಕೊಡುವುದು ಆಡುವುದಕ್ಕೋ, ಬಿಸಾಡುವುದಕ್ಕೋ? ಗೋವಾದ ಕ್ಯಾಸಿನೋ ಹಡಗಿನಲ್ಲಿ ಹೊರಮಾವಿನ ಹೆಸರು ಹಾಕಿಕೊಂಡು ಸುಮ್ಮನೆ ಕೂತರೆ ನಮ್ಮ ಮರ್ಯಾದೆ ಏನಾಗಬೇಕು?

ಧನಲಕ್ಷ್ಮಿ, ಬಾಮ್ಮ, ವೇದಿಕೆಗೆ ಬಾ. ಡಾಕ್ಟರಮ್ಮನವರು ಹಾರ ಹಾಕುತ್ತಾರೆ.

ಬಾಮ್ಮ, ಸಂಕೋಚ ಬೇಡ.

ಎಲ್ಲಿ? ಮೂರನೇ ಸಾಲು, ಫ್ಯಾನಿನ ಕೆಳಗೆ... ಆ ಕುರ್ಚಿ ಖಾಲಿ ಇದೆಯಲ್ಲ. ಏನು ಹುಲಿಗೆಪ್ಪನವರೇ? ಹೋದಳೇ? ಯಾವಾಗ? ನಾನು ಸೈಟಿನ ವಿಷಯ ಹೇಳುತ್ತಿದ್ದಾಗಲೇ? ಕೊಡಿ ಇಲ್ಲಿ. ಕರಾರುಪತ್ರದ ಬೆನ್ನಿಗೆ ಏನೋ ಬರೆದಿದ್ದಾಳೆ. ಸಭೆಯ ಮುಂದೆ ಓದದೆ ಇಟ್ಟುಕೊಳ್ಳುವವನಲ್ಲ ನಾನು, ಓದುತ್ತೇನೆ.

‘ದೊಡ್ಡಪ್ಪ, ಏಳನೇದು ಓದಿದೆ. ಅಪ್ಪನ ಕ್ಲಬ್ ಹೆಸರು ಬೇಕಂತ ಬಹಳ ಆಸೆ ಇತ್ತು. ಆದ್ರೆ ಈ ಎಲೆ ಚೆನ್ನಾಗಿಲ್ಲ. ಖಾದರ್ ಸಾಹೇಬ್ರ ಹತ್ರ ಹೋಗ್ತಿದೀನಿ. ಅರ್ಜಿಗೆ ಕಟ್ಟಿದ ಐನೂರು ವಾಪಸ್ ಬೇಡ. ಫಸ್ಟ್ ಡ್ರಾಪ್ ಅಂತ ಬರ್ಕೊಳ್ಳಿ.’

ಅಕ್ಷರವೂ ಅವರಪ್ಪನದೇ.

ಈಗ ನೀವು ಯಾರೂ ನಗುತ್ತಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ನನಗೆ ನಾಚಿಕೆಯಾಗುತ್ತಿದೆ ಬಂಧುಗಳೇ. ಕೈ ಸುಮ್ಮನೆ ಮೇಲ್ದುಟಿಗೆ ಹೋಯಿತು. ಅಲ್ಲಿ ಮುಟ್ಟಿಕೊಳ್ಳುವುದಕ್ಕೆ ಏನೂ ಇಲ್ಲ.

ಭಾಷಣ ಇನ್ನೂ ಒಂಬತ್ತು ಹಾಳೆ ಇದೆ. ಓದಿ ಮುಗಿಸುವ ಶಕ್ತಿ ನನಗಿದೆ, ಕೇಳಿಸಿಕೊಳ್ಳುವ ಸೌಜನ್ಯ ನಿಮಗಿದೆ. ಆದರೂ ಇಗೋ, ಅವನ್ನು ಮೇಜಿನ ಮೇಲೆ ಬೋರಲು ಹಾಕಿದ್ದೇನೆ. ಹುಲಿಗೆಪ್ಪನವರೇ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಬರೆದುಕೊಳ್ಳಿ, ಮುನಿನಾರಾಯಣಪ್ಪ ಡ್ರಾಪ್. ಇಪ್ಪತ್ತಲ್ಲ, ತಡವಾಗಿದೆ. ನಲವತ್ತು ಬರೆಯಿರಿ.

ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೂ, ನಾನು ಹೋಗಿಯೇ ಇರದ ಚರ್ಮದ ಡಾಕ್ಟರಿಗೂ, ಮೂರನೇ ಸಾಲಿನ ಆ ಖಾಲಿ ಕುರ್ಚಿಗೂ ವಂದನೆಗಳು. ಎಲ್ಲರೂ ಊಟಕ್ಕೆ ಏಳಿ. ನಮಸ್ಕಾರ.