ಗೋವಾದ ನೀರಿನಲ್ಲಿ ಮಾಣಿಕಮ್ಮ

೧೯೯೪ರ ಮೇ ತಿಂಗಳು. ಅಫಜಲಪುರದ ಬಸ್ ನಿಲ್ದಾಣದಲ್ಲಿ ಮಣ್ಣೂರಿನ ಬಸ್ಸಿಗೆ ಕಾಯುತ್ತ ಅಕ್ಕ-ತಂಗಿಯರಿಬ್ಬರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಇಬ್ಬರಿಗೂ ನಲವತ್ತು ದಾಟಿತ್ತು. ಮೊದಲು ಮಾತು ತೆಗೆದವಳು ಅಕ್ಕ.

“ಗೋವಾದಾಗ ನಿಮಗಷ್ಟೇ ಒಂದು ಹಡಗ ಹಿಡಿದಿದ್ರಂತ, ಖರೇ ಏನ ಮಾಣಿಕಮ್ಮ?”

“ಹೌದಕ್ಕಾ, ಅಳಿಯ ಹಿಡಿದಿದ್ದ. ಎರಡು ದೋಣಿ ಜೋಡಿಸಿದಂಗ ಇತ್ತು. ನಾವು ಮನಿ ಮಂದಿ ಐದೇ ಜನ.”

“ನೀ ಮ್ಯಾಲೇ ಕುಂತಿರಬೇಕು.”

“ಇಲ್ಲ, ನೀರಿಗಿ ಇಳಿದೆ. ಕಣ್ಣಿಗಿ ಗಾಜಿನ ಚಷ್ಮಾ, ಬಾಯಾಗ ಉಸಿರಾಡಾಕ ನಳಿಗಿ ಕೊಟ್ರು. ಮಾರಿ ಮುಳುಗಿಸಿ ಈಸಿದೆ.”

ಅಕ್ಕ ತಂಗಿಯ ಕಡೆ ತಿರುಗಿ ಕುಳಿತಳು.

“ಭೀಮಾ ಹೊಳ್ಯಾಗ ತಮ್ಮ ಮುಳುಗಿ ಸತ್ತಾಗಿಂದ ನಮ್ಮನ್ಯಾಗ ಯಾರೂ ಈಸಿಲ್ಲ.”

“ಇಪ್ಪತ್ತಾರು ವರ್ಷ ಆತಕ್ಕಾ.”

“ಅಂಜಿಕಿ ಬರಲಿಲ್ಲೇನು?”

“ಬಂತು. ತೆಳಗ ನೋಡಿದ್ರ ಅವನ ಮಾರಿ ಕಾಣ್ತದ ಅನಕೊಂಡಿದ್ದೆ. ಹಳದಿ ಮೀನ ಕಂಡವು, ಅಷ್ಟ.”

ಬಸ್ಸು ಬಂತು. ಅಕ್ಕ ಚೀಲ ಎತ್ತಿಕೊಂಡಳು.

“ಅವ್ವನ ಮುಂದ ಇದು ಹೇಳಬ್ಯಾಡ.”

“ಮೊನ್ನೇ ಹೇಳೀನಿ.”

“ಏನಂದಳು?”

“ಒಳಗ ನೀರು ಭಾಳ ತಣ್ಣಗಿರ್ತದೇನ ಅಂತ ಕೇಳಿದಳು.”

ಅಕ್ಕ ತಂಗಿಯ ಕೈ ಹಿಡಿದು ಬಸ್ ಹತ್ತಿಸಿದಳು.