ಟೀವಿ ಹೊಡೆದ ಡಂಗುರ

ಬಸ್ ನಿಲ್ದಾಣದ ಬೆಂಚಿನಲ್ಲಿ ದರ್ಜಿಯೊಬ್ಬನ ಪಕ್ಕ ಅಕ್ಕ ತಂಗಿ ಬಂದು ಕೂತರು. ಅಕ್ಕನ ಕಾಲ ಬಳಿ ಉಬ್ಬಿದ ಚೀಲ, ಮುಖ ಕೆಂಡ. ದರ್ಜಿ ಕಣ್ಣನ್ನು ರಸ್ತೆಗೆ ನೆಟ್ಟು ಕಿವಿಯನ್ನು ಇತ್ತ ಬಿಟ್ಟ.

“ಮನೆ ಬಿಡೋ ವಿಷಯ ನಿಂಗೊಬ್ಬಳಿಗೇ ಹೇಳಿದ್ದೆ. ನಿನ್ನ ಹೊಟ್ಟೇಲಿ ಒಂದು ಮಾತು ನಿಲ್ಲಲ್ವಲ್ಲೇ.”

“ಭಾವನ ಹತ್ರ ನಾನು ತುಟಿ ಬಿಚ್ಚಿಲ್ಲ ಅಕ್ಕ. ನೀನು ಫೋನಲ್ಲಿ ರೂಮು ಹುಡುಕಿದ್ಯಾ?”

“ಹುಡುಕಿದೆ. ಕದ ಹಾಕ್ಕೊಂಡು.”

“ನಿಮ್ಮನೇಲಿ ಫೋನಿಗೂ ಟೀವಿಗೂ ಒಂದೇ ಇಂಟರ್‌ನೆಟ್. ಇಲ್ಲಿ ಹುಡುಕಿದ್ದು ಅಲ್ಲಿ ಜಾಹೀರಾತಾಗಿ ಬರುತ್ತೆ. ಈಗ ಕಂಪನಿಗಳೆಲ್ಲ ಹಾಗೇ ಮಾಡೋದು.”

ಅಕ್ಕ ಹಣೆ ಚಚ್ಚಿಕೊಂಡಳು.

“ನಿನ್ನೆ ಊಟಕ್ಕೆ ಕೂತಾಗ ಬಂತು ಕಣೇ. ಒಂಟಿ ಹೆಂಗಸರಿಗೆ ನೆಮ್ಮದಿಯ ಕೋಣೆ ಅಂತ, ವಿಳಾಸ ಸಮೇತ, ಮತ್ತೆ ಮತ್ತೆ. ಎಲ್ಲರ ಮನೇಲೂ ಬರೋದು ಅಂದ್ಕೊಂಡೆ. ಹಾಳಾದೋರು, ನನ್ನ ಗುಟ್ಟಿಗೆ ನನ್ನ ಮನೇಲೇ ಡಂಗುರ ಹೊಡೆದ್ರಲ್ಲ.”

“ಭಾವ ಏನಂದ್ರು?”

“ಅನ್ನೋದೇನು, ನನ್ನ ಮುಖಾನೇ ನೋಡ್ತಾ ಸೌಂಡ್ ಜಾಸ್ತಿ ಮಾಡಿದ. ಪ್ರತಿ ಸಲ ಆ ಜಾಹೀರಾತು ಬಂದಾಗ್ಲೂ.”

ಬಸ್ ಬಂತು. ಅಕ್ಕ ಚೀಲ ಎತ್ತಿಕೊಂಡಳು.

“ಈಗ ಎಲ್ಲಿಗೆ ಹೋಗ್ತೀಯ?”

“ಅದೇ ಕೋಣೆಗೆ. ಅವನಿಟ್ಟ ಸೌಂಡಿಗೆ ವಿಳಾಸ ಬಾಯಿಪಾಠ ಆಗಿದೆ.”